ಹಾಸನೂರಿನ ಟಿ.ವಿ.ಗೆ ಕನ್ನಡ ಬಂದ ದಾರಿ

ನಮ್ಮ ಅಂಗಡಿಗೆ ಬರುವವರು ಈಗೀಗ ಪದೇ ಪದೇ ಕೇಳುವ ಪ್ರಶ್ನೆ: "ಫೋನಲ್ಲಿ ಚಂದಾ ಕಟ್ಟಿದ್ದೀನಲ್ಲಪ್ಪ, ಕೇಬಲ್ ಬಾಕ್ಸಲ್ಲಿ ಯಾಕೆ ಬರಲ್ಲ?" ನಾನು ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಆದರೂ ಊರವರ ಲೆಕ್ಕದಲ್ಲಿ ಡಿಪ್ಲೊಮಾ ಅಂದರೆ ಎಲ್ಲವೂ ಗೊತ್ತು. ಉತ್ತರ ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಸತ್ಯಮಂಗಲದಿಂದ ದಿಂಬಂ ಘಾಟಿಯ 27 ತಿರುವು ಹತ್ತಿ ಚಾಮರಾಜನಗರದ ಕಡೆ ಹೊರಟರೆ ಸಿಗುವ ಊರು ಹಾಸನೂರು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು, ತಾಳವಾಡಿ ಸೀಮೆ ಮದರಾಸಿನಲ್ಲೇ ಉಳಿಯಿತು. ಹಲವರ ಮನೆಮಾತು ಕನ್ನಡ, ಕಚೇರಿ ಮಾತು ತಮಿಳು. ಟಿ.ವಿ. ಹಿಡಿದದ್ದೂ ಕಚೇರಿಯ ದಾರಿಯನ್ನೇ.

ಆಂಟೆನಾ ಕಾಲದಲ್ಲಿ ಗುಡ್ಡವೇ ಅಡ್ಡ. ಟಿ.ವಿ. ತರಂಗ ಹೆಚ್ಚುಕಡಿಮೆ ನೇರ ಹೋಗುತ್ತದೆ, ಬೆಟ್ಟ ಬಳಸಿ ಬರುವುದಿಲ್ಲ. ಆಮೇಲೆ ಕೇಬಲ್ ಬಂತು. ಸನ್ ಟಿ.ವಿ. ಶುರುವಾದದ್ದು 1993ರಲ್ಲಿ, ಉದಯ ಟಿ.ವಿ. 1994ರಲ್ಲಿ. ಕೇಬಲ್ ತಂತಿಯೊಳಗೆ ಎಲ್ಲ ಚಾನೆಲ್‌ಗಳೂ ಒಟ್ಟಿಗೆ, ಬೇರೆ ಬೇರೆ ಆವರ್ತನದಲ್ಲಿ ಹರಿಯುತ್ತವೆ. ಅದರಲ್ಲಿ ಒಂದನ್ನು ಹೆಕ್ಕಿ ಕೊಡುವುದು ಟ್ಯೂನರ್ ಕೆಲಸ. ಆದರೆ ತಂತಿಗೆ ಏನು ಹಾಕಬೇಕೆಂದು ತೀರ್ಮಾನಿಸುವವನು ಕೇಬಲಿನವನು. ನಮ್ಮ ಮನೆಯ ತಂತಿಯಲ್ಲಿ ಕನ್ನಡ ಇದ್ದದ್ದು ಒಂದೇ ಚಾನೆಲ್, ಅದೂ ಮಸುಕು.

ಅದರ ಬೆಲೆ ತಿಳಿದದ್ದು 2000ದಲ್ಲಿ. ಜುಲೈ 30ರ ರಾತ್ರಿ ಇಲ್ಲೇ ತಾಳವಾಡಿ ಸೀಮೆಯ ಗಾಜನೂರಿನಿಂದ ವೀರಪ್ಪನ್ ರಾಜ್‌ಕುಮಾರ್ ಅವರನ್ನು ಕರೆದೊಯ್ದ. 108 ದಿನ ಊರಿಗೆ ಊರೇ ಉಸಿರು ಬಿಗಿಹಿಡಿದಿತ್ತು. ಅಂಗಡಿಯ ಟಿ.ವಿ. ಮುಂದೆ ಜನ ಸೇರುತ್ತಿದ್ದರು. ಅಪ್ಪ ಮೊದಲು ತಮಿಳು ವಾರ್ತೆ ಹಾಕಿ, ನಂತರ ಕನ್ನಡಕ್ಕೆ ತಿರುಗಿಸುತ್ತಿದ್ದರು. ಗಡಿಯ ಎರಡೂ ಕಡೆ ಏನು ಹೇಳುತ್ತಿದ್ದಾರೆಂದು ತಿಳಿಯದೆ ಯಾರೂ ಮನೆಗೆ ಹೋಗುತ್ತಿರಲಿಲ್ಲ. ಚಿತ್ರ ಅಲುಗಾಡಿದರೆ ನಾನು ತಂತಿ ಹಿಡಿದು ನಿಲ್ಲಬೇಕು.

2004ರ ಡಿಸೆಂಬರಿನಲ್ಲಿ ದೂರದರ್ಶನದ ಡಿ.ಡಿ. ಡೈರೆಕ್ಟ್ ಪ್ಲಸ್ ಬಂತು. ಡಿಶ್ ಕೊಂಡರೆ ಸಾಕು, ತಿಂಗಳ ಬಾಡಿಗೆ ಇಲ್ಲ. ಉಪಗ್ರಹಕ್ಕೆ ರಾಜ್ಯದ ಗಡಿ ಕಾಣುವುದಿಲ್ಲ. ಚಂದನ ವಾಹಿನಿ ಸ್ಪಷ್ಟವಾಗಿ ಕಾಣಿಸಿತು. 2011ರಲ್ಲಿ ತಮಿಳುನಾಡು ಸರ್ಕಾರದ ಅರಸು ಕೇಬಲ್ ತಿಂಗಳಿಗೆ 70 ರೂಪಾಯಿಗೆ ಸಿಕ್ಕಿತು. ಅಗ್ಗದ ಕೇಬಲನ್ನು ಯಾರು ಬಿಡುತ್ತಾರೆ? 2016ರಲ್ಲಿ ಜಿಯೋ ಬಂದ ಮೇಲೆ ಡೇಟಾವೂ ಅಗ್ಗವಾಯಿತು.

ಈಗ ಆ ಪ್ರಶ್ನೆಗೆ ಉತ್ತರ. ಕೇಬಲ್ ಎಲ್ಲ ಚಾನೆಲನ್ನೂ ಮನೆಬಾಗಿಲಿಗೆ ತರುತ್ತದೆ, ಟ್ಯೂನರ್ ಆರಿಸುತ್ತದೆ. ಇಂಟರ್ನೆಟ್ಟಿನಲ್ಲಿ ನಾವು ಕೇಳಿದ್ದು ಮಾತ್ರ ಬರುತ್ತದೆ; ಅಲ್ಲಿ ಟ್ಯೂನರ್‌ಗೆ ಕೆಲಸವೇ ಇಲ್ಲ. ಒಂದರ ಚಂದಾ ಇನ್ನೊಂದಕ್ಕೆ ನಡೆಯುವುದಿಲ್ಲ. ಹಳೇ ಟಿ.ವಿ.ಯಲ್ಲಿ ಎಚ್‌ಡಿಎಂಐ ಕಿಂಡಿ ಇದ್ದರೆ ಇಂಟರ್ನೆಟ್ ಸ್ಟಿಕ್ ಅಲ್ಲಿಗೆ ಹಾಕಿ, ಕೇಬಲ್ ಬಾಕ್ಸ್ ಬೇರೆ ಕಿಂಡಿಯಲ್ಲಿರಲಿ. ರಿಮೋಟಿನ 'ಸೋರ್ಸ್' ಗುಂಡಿ ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ಹೋಗಬಹುದು.

"ಹಾಗಾದರೆ ಕೇಬಲ್ ಕಿತ್ತುಬಿಡಲಾ?" ಅಂದರೆ ಬೇಡ ಅನ್ನುತ್ತೇನೆ. ಮಳೆಗಾಲದಲ್ಲಿ ನಮ್ಮ ಕಾಡಿನಲ್ಲಿ ನೆಟ್‌ವರ್ಕ್ ಹೋದರೆ ಯಾವಾಗ ಬರುತ್ತದೋ ಹೇಳಲಾಗದು. ಅಪ್ಪನಿಗೆ ಈಗ ಬೇಕಾದಷ್ಟು ಕನ್ನಡ ಚಾನೆಲ್ ಸಿಗುತ್ತವೆ. ಆದರೂ ರಾತ್ರಿ ಮೊದಲು ತಮಿಳು ವಾರ್ತೆ, ಆಮೇಲೆ ಕನ್ನಡ. ಗಡಿಯೂರಿನವರಿಗೆ ಎರಡೂ ಬೇಕು.