ಚಿಪ್ಪಿಂಗ್ ಕ್ಯಾಂಪ್‌ಡನ್: ಒಂದು ಸಂತೆಪೇಟೆಯ ಕಟ್ಟಡಗಳು

ಇಂಗ್ಲೆಂಡಿನ ಗ್ಲಾಸ್ಟರ್‌ಷೈರಿನ ಉತ್ತರದಲ್ಲಿ, ಕಾಟ್ಸ್‌ವೋಲ್ಡ್ ಬೆಟ್ಟಸಾಲಿನ ಅಂಚಿನಲ್ಲಿ, ಚಿಪ್ಪಿಂಗ್ ಕ್ಯಾಂಪ್‌ಡನ್ ಎಂಬ ಸಣ್ಣ ಪಟ್ಟಣವಿದೆ. ‘ಚಿಪ್ಪಿಂಗ್’ ಎಂಬ ಪೂರ್ವಪದವು ಸಂತೆ ಎಂಬರ್ಥದ ಹಳೆಯ ಇಂಗ್ಲಿಷ್ ಶಬ್ದದಿಂದ ಬಂದುದು. ಅದರ ದೊಡ್ಡ ಬೀದಿಯ ಇಕ್ಕೆಲಗಳಲ್ಲಿ ನಿಂತಿರುವ ಹೊಂಬಣ್ಣದ ಸುಣ್ಣಕಲ್ಲಿನ ಮನೆಗಳನ್ನು ಕಂಡವರು, ಇದು ಉಣ್ಣೆಯ ವ್ಯಾಪಾರದ ಸಿರಿಯಿಂದ ಎದ್ದ ಊರು, ಎದ್ದಂತೆಯೇ ಇಂದಿಗೂ ಉಳಿದಿರುವ ಊರು, ಎಂದು ಹೇಳುವುದು ವಾಡಿಕೆ. ಈ ಮಾತಿನಲ್ಲಿ ಎರಡು ಪ್ರತಿಪಾದನೆಗಳು ಅಡಗಿವೆ. ಅವೆರಡನ್ನೂ ಕಟ್ಟಡಗಳ ಸಾಕ್ಷ್ಯದಿಂದ ಪರೀಕ್ಷಿಸುವುದು ಇಲ್ಲಿ ನಮ್ಮ ಉದ್ದೇಶ.

ಮೊದಲನೆಯದಕ್ಕೆ ಆಧಾರವಿಲ್ಲದಿಲ್ಲ. 14ನೆಯ ಶತಮಾನದಲ್ಲಿ ಕಾಟ್ಸ್‌ವೋಲ್ಡ್ ಕುರಿಗಳ ಉಣ್ಣೆಗೆ ಯೂರೋಪಿನ ಪೇಟೆಗಳಲ್ಲಿ ಬಹಳ ಬೇಡಿಕೆಯಿತ್ತು. ಈ ವ್ಯಾಪಾರದಲ್ಲಿ ಧನಿಕನಾದ ವಿಲಿಯಂ ಗ್ರೆವೆಲನು ಸುಮಾರು 1380ರಲ್ಲಿ ಕಟ್ಟಿಸಿದ ಮನೆ ದೊಡ್ಡ ಬೀದಿಯಲ್ಲಿ ಇಂದಿಗೂ ಇದೆ. 1401ರಲ್ಲಿ ಮೃತನಾದ ಅವನನ್ನು ಸೇಂಟ್ ಜೇಮ್ಸ್ ಚರ್ಚಿನ ಹಿತ್ತಾಳೆಯ ಸ್ಮಾರಕಫಲಕವು ಇಡೀ ಇಂಗ್ಲೆಂಡಿನ ಉಣ್ಣೆ ವರ್ತಕರಲ್ಲಿ ಶ್ರೇಷ್ಠನೆಂದು ಲ್ಯಾಟಿನಿನಲ್ಲಿ ಕೊಂಡಾಡುತ್ತದೆ.

ಆದರೆ ಊರಿನ ಗುರುತೇ ಆಗಿರುವ ಮಾರುಕಟ್ಟೆ ಮಂಟಪವನ್ನು ಈ ಸಾಲಿಗೆ ಸೇರಿಸಲಾಗದು. ಸುತ್ತಲೂ ಕಮಾನುಗಳುಳ್ಳ ಆ ಮಂಟಪ ಕಟ್ಟಿದ್ದು 1627ರಲ್ಲಿ. ಅಲ್ಲಿ ಮಾರುತ್ತಿದ್ದುದು ಬೆಣ್ಣೆ, ಗಿಣ್ಣು, ಕೋಳಿ ಮುಂತಾದ ದಿನಬಳಕೆಯ ವಸ್ತುಗಳನ್ನು. ಕಚ್ಚಾ ಉಣ್ಣೆಯ ರಫ್ತು ಅದಕ್ಕೆ ಬಹು ಹಿಂದೆಯೇ ಇಳಿದು, ಬಟ್ಟೆಯ ರಫ್ತು ಅದರ ಸ್ಥಾನವನ್ನು ಆಕ್ರಮಿಸಿತ್ತು. ಮಂಟಪವನ್ನು ಕಟ್ಟಿಸಿದ ಸರ್ ಬ್ಯಾಪ್ಟಿಸ್ಟ್ ಹಿಕ್ಸ್ ಲಂಡನ್ನಿನ ರೇಷ್ಮೆ ವರ್ತಕ. ಒಂದನೆಯ ಜೇಮ್ಸ್ ದೊರೆಗೇ ಸಾಲ ಕೊಟ್ಟವನು. ಆರು ಮಂದಿ ಬಡ ಗಂಡಸರಿಗೂ ಆರು ಮಂದಿ ಬಡ ಹೆಂಗಸರಿಗೂ ಆಶ್ರಯವಾಗಿ 1612ರ ಧರ್ಮಶಾಲೆಯನ್ನು ಕಟ್ಟಿಸಿದವನೂ ಇವನೇ. ಎಂದರೆ, ಉಣ್ಣೆಯ ಸಿರಿಯದೆಂದು ತೋರುವ ಈ ಎರಡು ಮುಖ್ಯ ಕಟ್ಟಡಗಳು ರಾಜಧಾನಿಯ ಬಂಡವಾಳದಿಂದ ಆದವು.

ಇನ್ನು ಎರಡನೆಯ ಮಾತು. ಹಿಕ್ಸನ ಸ್ವಂತ ಸೌಧವನ್ನು 1645ರ ಅಂತರ್ಯುದ್ಧದಲ್ಲಿ ಅರಸನ ಪಕ್ಷದ ಸೈನಿಕರೇ, ಅದು ಪಾರ್ಲಿಮೆಂಟಿನವರ ವಶವಾಗದಿರಲೆಂದು, ಸುಟ್ಟು ಹೋದರು. ಉಳಿದ ಕಟ್ಟಡಗಳೂ ತಾವಾಗಿ ಉಳಿದವಲ್ಲ. 1902ರಲ್ಲಿ ಸಿ. ಆರ್. ಆಶ್‌ಬೀಯವರು ತಮ್ಮ ಕರಕುಶಲ ಸಂಘವನ್ನು, ಸಂಸಾರಗಳು ಸೇರಿ ಸುಮಾರು 150 ಮಂದಿಯನ್ನು, ಲಂಡನ್ನಿನ ಪೂರ್ವಭಾಗದಿಂದ ಇಲ್ಲಿಗೆ ತಂದು, ಹಳೆಯ ರೇಷ್ಮೆ ಗಿರಣಿಯಲ್ಲಿ ನೆಲೆಗೊಳಿಸಿದರು. ಶಿಥಿಲವಾಗಿದ್ದ ಮನೆಗಳನ್ನು ದುರಸ್ತಿ ಮಾಡಿಸಿದರು. ನಷ್ಟದಿಂದ ಸಂಘವು 1908ರಲ್ಲಿ ಮುಚ್ಚಿತು; ಆದರೆ ಕೆಲವು ಕುಶಲಿಗಳು ಅಲ್ಲಿಯೇ ನಿಂತರು. ಚಿತ್ರಕಾರ ಎಫ್. ಎಲ್. ಗ್ರಿಗ್ಸ್‌ರ ಮುಂದಾಳುತನದಲ್ಲಿ 1929ರಲ್ಲಿ ಕ್ಯಾಂಪ್‌ಡನ್ ಟ್ರಸ್ಟ್ ಸ್ಥಾಪಿತವಾಯಿತು. ಮಾರುಕಟ್ಟೆ ಮಂಟಪವು ಪರರ ಪಾಲಾಗುವ ಸಂಭವ ಒದಗಿದಾಗ ಊರವರು ಹಣ ಕೂಡಿಸಿದರು. 1942ರಲ್ಲಿ ಅದು ನ್ಯಾಷನಲ್ ಟ್ರಸ್ಟಿಗೆ ಸೇರಿತು.

ಈ ಪ್ರಯತ್ನದಲ್ಲಿ ನಮಗೆ ಪರಿಚಿತವಾದ ಒಂದು ಹೆಸರೂ ಕಾಣಬರುತ್ತದೆ. ನೆರೆಯ ಬ್ರಾಡ್ ಕ್ಯಾಂಪ್‌ಡನ್ನಿನ ಪಾಳುಬಿದ್ದ ನಾರ್ಮನ್ ಪ್ರಾರ್ಥನಾಮಂದಿರವನ್ನು ಆಶ್‌ಬೀಯವರು ಆನಂದ ಕುಮಾರಸ್ವಾಮಿಯವರ ವಾಸಕ್ಕಾಗಿ ಜೀರ್ಣೋದ್ಧಾರ ಮಾಡಿದರು. ಮಧ್ಯಯುಗದ ಸಿಂಹಳೀಯ ಕಲೆಯನ್ನು ಕುರಿತ ಅವರ ಗ್ರಂಥವು ಅಲ್ಲಿಯೇ ಕೈಯಚ್ಚಿನಲ್ಲಿ ಮುದ್ರಿತವಾಗಿ 1908ರಲ್ಲಿ ಹೊರಬಂದಿತು. ಯಂತ್ರಯುಗದಲ್ಲಿ ಕುಶಲಕಲೆಗಳು ಅಳಿಯುತ್ತಿವೆಯೆಂಬ ಚಿಂತೆ ಅವರಿಬ್ಬರಿಗೂ ಸಮಾನವಾಗಿತ್ತು.

ಇದರಿಂದ ನಾವು ತಲಪುವ ನಿರ್ಣಯ ಇಷ್ಟು: ಹಳೆಯ ಕಟ್ಟಡವೊಂದು ಎರಡು ಪ್ರಶ್ನೆಗಳಿಗೆ ಉತ್ತರವನ್ನು ಬೇಡುತ್ತದೆ. ಅದನ್ನು ಯಾರು ಯಾವ ಹಣದಿಂದ ಕಟ್ಟಿದರು ಎಂಬುದು ಒಂದು. ಅದನ್ನು ಕೆಡಹದೆ ಉಳಿಸಿದವರು ಯಾರು, ಏತಕ್ಕೆ, ಎಂಬುದು ಇನ್ನೊಂದು. ಮೊದಲನೆಯದನ್ನು ಮಾತ್ರ ಕೇಳಿ ನಿಂತರೆ ಉಳಿದುದೆಲ್ಲ ಸಹಜವಾಗಿಯೇ ಉಳಿಯಿತೆಂಬ ಭ್ರಾಂತಿ ಹುಟ್ಟುತ್ತದೆ. ಆ ಭ್ರಾಂತಿಯಿಂದ ಇತಿಹಾಸಕ್ಕೂ ಹಾನಿ. ಇನ್ನೂ ನಿಂತಿರುವ ಕಟ್ಟಡಗಳಿಗೂ ಹಾನಿ. ನಮ್ಮ ಪೇಟೆಬೀದಿಗಳ ಚರಿತ್ರೆಯನ್ನು ಬರೆಯಹೊರಡುವ ವಿದ್ಯಾರ್ಥಿಗಳೂ ಈ ಎರಡನೆಯ ಪ್ರಶ್ನೆಯನ್ನು ಮರೆಯಬಾರದೆಂಬುದು ನಮ್ಮ ವಿನಂತಿ.