ಪರಸ್ಥಳದ ವಿದ್ಯಾರ್ಥಿಯೂ ವಿದ್ಯಾರ್ಥಿವೇತನವೂ



ಬಡ ಹುಡುಗನೊಬ್ಬನು ಪರಸ್ಥಳಕ್ಕೆ ಹೋಗಿ ಓದಬೇಕಾದರೆ ಏನೇನು ಬೇಕೆಂದು ಯಾರನ್ನಾದರೂ ಕೇಳಿದರೆ, ಬುದ್ಧಿ ಬೇಕು, ಶ್ರಮ ಬೇಕು, ಒಂದು ವಿದ್ಯಾರ್ಥಿವೇತನ ಬೇಕು ಎಂಬ ಉತ್ತರ ಬರುತ್ತದೆ. ಉತ್ತರ ತಪ್ಪಲ್ಲ, ಆದರೆ ಪೂರ್ಣವೂ ಅಲ್ಲ. ವೇತನವನ್ನು ಕೊಡುವ ಕೈ, ಹುಡುಗನ ಅಂಕಗಳನ್ನು ನೋಡುವ ಮುನ್ನ, ‘ನೀನು ಯಾವ ಸೀಮೆಯವನು?’ ಎಂದು ಕೇಳುತ್ತದೆ. ಆ ಪ್ರಶ್ನೆಗೆ ಉತ್ತರ ಕೊಟ್ಟು ಕಾಲೇಜಿನ ಬಾಗಿಲನ್ನು ದಾಟಿದ ದಿನ ಸಂಜೆಗೆ ಹುಡುಗನ ಹೊಟ್ಟೆ, ‘ಊಟವೆಲ್ಲಿ?’ ಎಂದು ಕೇಳುತ್ತದೆ. ಈ ಎರಡು ಪ್ರಶ್ನೆಗಳ ಚರಿತ್ರೆಯನ್ನು ಕುರಿತು ಈ ಹೊತ್ತು ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇನೆ.

ಇದಕ್ಕೆ ನಿದರ್ಶನವಾಗಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯನ್ನು ತೆಗೆದುಕೊಳ್ಳುತ್ತೇನೆ. ಕಾರಣವುಂಟು. ಗಡಿ ಎಂಬುದು ವಿದ್ಯಾರ್ಥಿಯ ಬಾಳಿನಲ್ಲಿ ಏನು ಮಾಡಬಲ್ಲುದೆಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಸ್ಥಳಗಳು ಕನ್ನಡನಾಡಿನಲ್ಲಿ ಹೆಚ್ಚಿಲ್ಲ. 1800ರಲ್ಲಿ ನಿಜಾಮನು ಕಂಪೆನಿಗೆ ಬಿಟ್ಟುಕೊಟ್ಟ ದತ್ತಮಂಡಲದಲ್ಲಿ ಈ ಸೀಮೆಯೂ ಸೇರಿ, ಬಳ್ಳಾರಿ ಜಿಲ್ಲೆಯ ಪಡುವಣ ಅಂಚಾಗಿ, ದೂರದ ಮದರಾಸಿನ ಆಳ್ವಿಕೆಗೆ ಒಳಪಟ್ಟಿತು. ತೆಂಕಣಕ್ಕೆ ಹೆಜ್ಜೆಯಿಟ್ಟರೆ ಮೈಸೂರು ಸಂಸ್ಥಾನ. ತುಂಗಭದ್ರೆಯನ್ನು ದಾಟಿದರೆ ಒಂದೆಡೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ, ಇನ್ನೊಂದೆಡೆ ನಿಜಾಮನ ರಾಜ್ಯ. ಕೂಡ್ಲಿಗಿಯ ಮಗ್ಗುಲಿನಲ್ಲಿ ಸಂಡೂರೆಂಬ ಪುಟ್ಟ ಸಂಸ್ಥಾನ. ಐದು ಸರ್ಕಾರಗಳು, ಒಂದೇ ಭಾಷೆ. ಹರಪನಹಳ್ಳಿಯವನಿಗೆ ಅತಿ ಸಮೀಪದ ದೊಡ್ಡ ಊರು ದಾವಣಗೆರೆ; ಅದು ಸುಮಾರು 40 ಕಿಲೋಮೀಟರು ದೂರ. ಆದರೆ ಅದು ಬೇರೆ ರಾಜ್ಯ. ತನ್ನ ಜಿಲ್ಲೆಯ ಮುಖ್ಯಪಟ್ಟಣವಾದ ಬಳ್ಳಾರಿ ಅದರ ಮೂರರಷ್ಟು ದೂರ. ಹೊಸಪೇಟೆಯಿಂದ ಹೊರಟ ರೈಲುಹಳಿ ಕೊಟ್ಟೂರಿಗೆ ಬಂದು ನಿಂತಿತು. ಅಲ್ಲಿಂದ ಮುಂದುವರಿದು ಗಡಿಯಾಚೆಯ ಹರಿಹರವನ್ನು ಮುಟ್ಟುವುದಕ್ಕೆ ಅದಕ್ಕೆ ಸುಮಾರು ಒಂದು ಶತಮಾನವೇ ಬೇಕಾಯಿತು.

ಹೀಗಿರುವಾಗ ಈ ಸೀಮೆಯ ಹುಡುಗನಿಗೆ ಕಾಲೇಜೆಂಬುದು ಎತ್ತ ಹೋದರೂ ಪರಸ್ಥಳವೇ. 1916ರಲ್ಲಿ ಅನಂತಪುರದಲ್ಲಿ ದತ್ತಮಂಡಲ ಕಾಲೇಜು ಹುಟ್ಟಿತು. ಅದು ಅವನ ಪ್ರಾಂತದ್ದು, ಆದರೆ ಊರು ತೆಲುಗಿನದು. ಅದೇ ವರ್ಷ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾಯಿತು. ಮರುವರ್ಷ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾಯಿತು. ಇವೆರಡೂ ಅವನ ಭಾಷೆಯವು, ಆದರೆ ಅವನ ಸರ್ಕಾರದವಲ್ಲ. ಇನ್ನೊಂದು ವಿಚಿತ್ರವನ್ನು ಗಮನಿಸಬೇಕು. 1916ಕ್ಕೆ ಮುಂಚೆ ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಮೈಸೂರಿನ ಮಹಾರಾಜಾ ಕಾಲೇಜೂ ಮದರಾಸು ವಿಶ್ವವಿದ್ಯಾನಿಲಯಕ್ಕೇ ಸೇರಿದ್ದವು. ಬಳ್ಳಾರಿಯವನು ಬೆಂಗಳೂರಿಗೆ ಹೋದರೂ ವಿಶ್ವವಿದ್ಯಾನಿಲಯ ಬದಲಾಗುತ್ತಿರಲಿಲ್ಲ. ಮೈಸೂರಿಗೆ ತನ್ನದೇ ವಿಶ್ವವಿದ್ಯಾನಿಲಯ ಬಂದುದು ಕನ್ನಡಿಗರೆಲ್ಲರಿಗೂ ಹೆಮ್ಮೆಯ ವಿಷಯ. ಆದರೆ ಗಡಿಯ ಈಚೆಗಿನ ಕನ್ನಡಿಗನಿಗೆ ಅದರಿಂದ ಗೋಡೆಯೊಂದು ಹೆಚ್ಚಾಯಿತು. ಸಂಸ್ಥಾನದ ಬೊಕ್ಕಸ ಮೊದಲು ಸಂಸ್ಥಾನದ ಪ್ರಜೆಗೆ ತೆರೆಯುವುದು ಸಹಜವೇ. ತಪ್ಪು ಯಾರದೂ ಅಲ್ಲ. ನಷ್ಟ ಮಾತ್ರ ಒಬ್ಬನದು.

ಆ ನಷ್ಟ ಎಂಥದೆಂಬುದಕ್ಕೆ ಬೇರೆಲ್ಲಿಗೂ ಹೋಗಬೇಕಾಗಿಲ್ಲ. ನಾಡನ್ನು ನಗಿಸಿದ ಬೀಚಿಯವರು, ಎಂದರೆ ರಾಯಸಂ ಭೀಮಸೇನರಾಯರು, 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದವರು. ಎಳವೆಯಲ್ಲೇ ಅನಾಥರಾದ ಅವರ ಓದು ಹೈಸ್ಕೂಲಿಗೆ ನಿಂತಿತು. ಪೊಲೀಸು ಇಲಾಖೆಯ ನೌಕರಿ ಅವರ ಪಾಲಿಗೆ ಬಂತು. ಅಂಥ ಬುದ್ಧಿಗೂ ಕಾಲೇಜಿನ ಬಾಗಿಲು ತೆರೆಯಲಿಲ್ಲ. ಅವರು ಬರೆದು ಬೆಳಗಿದರು. ಬರೆಯಲಾರದೆ ಆರಿಹೋದವರೆಷ್ಟು ಮಂದಿಯೋ ಲೆಕ್ಕವಿಟ್ಟವರಿಲ್ಲ.

ಇನ್ನು ಗಡಿ ದಾಟಿ ಗೆದ್ದವರ ಕಡೆಗೆ ತಿರುಗೋಣ. ತಂದೆಯನ್ನು ಬಾಲ್ಯದಲ್ಲೇ ಕಳೆದುಕೊಂಡ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡು ಓದಿ 1881ರಲ್ಲಿ ಬಿ.ಎ. ಪದವೀಧರರಾದರು. ಬಳಿಕ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆತು, ಮುಂಬಯಿ ಪ್ರಾಂತದ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದರು. ಓದು ಮುಗಿದ ಮೇಲೆ 1884ರಲ್ಲಿ ಅವರು ಸೇರಿದುದು ಮೈಸೂರಿನ ಸೇವೆಯನ್ನಲ್ಲ, ಮುಂಬಯಿ ಸರ್ಕಾರದ ಸೇವೆಯನ್ನು. ನಮ್ಮ ಹಣ ನೀರಿನಲ್ಲಿ ಹೋಯಿತೆಂದು ಆಗ ಲೆಕ್ಕಿಗನೊಬ್ಬನು ಹೇಳಿದ್ದರೆ ಅವನನ್ನು ಅಲ್ಲಗಳೆಯುವುದು ಕಷ್ಟವಾಗುತ್ತಿತ್ತು. ಆದರೆ 1909ರಲ್ಲಿ ಅವರು ಮುಖ್ಯ ಎಂಜಿನಿಯರಾಗಿ ಮೈಸೂರಿಗೆ ಬಂದರು, 1912ರಲ್ಲಿ ದಿವಾನರಾದರು, ಅವರ ದಿವಾನಗಿರಿಯಲ್ಲೇ ವಿಶ್ವವಿದ್ಯಾನಿಲಯ ಹುಟ್ಟಿತು. ಬಿತ್ತಿದ ಬೀಜ ಇಪ್ಪತ್ತೈದು ವರ್ಷ ಕಾದು ಮೊಳೆಯಿತು. ವಿದ್ಯಾರ್ಥಿವೇತನದ ಲಾಭವನ್ನು ಮುಂದಿನ ಸಾಲಿನ ಆಯವ್ಯಯದಲ್ಲಿ ಹುಡುಕುವವರು ಈ ಸಂಗತಿಯನ್ನು ಮರೆಯಬಾರದು.

ಕಡಲಾಚೆಯ ಓದಿನ ಕಷ್ಟ ಇದಕ್ಕಿಂತ ಹಿರಿದು. ಡಾಕ್ಟರ್ ಅಂಬೇಡ್ಕರರು 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯಕ್ಕೆ ಹೋದುದು ಬರೋಡ ಸಂಸ್ಥಾನದ ವೇತನದಿಂದ: ತಿಂಗಳಿಗೆ 11.5 ಪೌಂಡು, ಮೂರು ವರ್ಷದ ಅವಧಿ. ಅದಕ್ಕೆ ಪ್ರತಿಯಾಗಿ, ಹಿಂತಿರುಗಿ ಬಂದು ಹತ್ತು ವರ್ಷ ಸಂಸ್ಥಾನದ ಸೇವೆ ಮಾಡುವೆನೆಂಬ ಕರಾರು. ಅಲ್ಲಿಂದ ಲಂಡನ್ನಿಗೆ ಹೋಗಿ ಓದು ಮುಂದುವರಿಸಿದ್ದಾಗ ವೇತನದ ಅವಧಿ ತೀರಿತು. 1917ರಲ್ಲಿ ಓದನ್ನು ನಡುವೆಯೇ ಬಿಟ್ಟು ಬರಬೇಕಾಯಿತು. ಮರಳಿ ಲಂಡನ್ನಿಗೆ ಹೋದುದು 1920ರಲ್ಲಿ: ತಾವು ಅಧ್ಯಾಪಕರಾಗಿ ಕೂಡಿಟ್ಟ ಹಣ, ಸ್ನೇಹಿತರೊಬ್ಬರಿಂದ ಪಡೆದ ಸಾಲ, ಕೊಲ್ಲಾಪುರದ ಶಾಹು ಮಹಾರಾಜರ ನೆರವು, ಈ ಮೂರನ್ನೂ ಹೊಂದಿಸಿಕೊಂಡು. ಅಂಥ ಮೇಧಾವಿಗೂ ಒಂದೇ ಬಾಗಿಲು ಸಾಲಲಿಲ್ಲವೆಂಬುದು ಇಲ್ಲಿಯ ಪಾಠ. ಕೊಡುವವನ ಅವಧಿ ಬೇರೆ, ಓದುವವನ ಅವಧಿ ಬೇರೆ. ಎರಡರ ನಡುವಣ ಕಂದಕವನ್ನು ವಿದ್ಯಾರ್ಥಿಯೇ ತುಂಬಬೇಕು.

ಆ ಕಂದಕವನ್ನು ಅರಿತವರಲ್ಲಿ ಜಮಷೇಟ್‌ಜಿ ಟಾಟಾ ಒಬ್ಬರು. 1892ರಲ್ಲಿ ಅವರು ಹೊರದೇಶದ ವಿದ್ಯೆಗಾಗಿ ಸ್ಥಾಪಿಸಿದ ನಿಧಿ ದಾನವನ್ನು ಕೊಡಲಿಲ್ಲ, ಸಾಲವನ್ನು ಕೊಟ್ಟಿತು. ಸಾಲವೆಂದೊಡನೆ ಮುಖ ಸಿಂಡರಿಸುವವರುಂಟು. ಆದರೆ ದಾನ ಒಬ್ಬನಲ್ಲಿಗೆ ಮುಗಿಯುತ್ತದೆ. ಮರಳಿ ಬಂದ ಸಾಲ ಮತ್ತೊಬ್ಬನ ಹಡಗಿನ ಚೀಟಿಯಾಗುತ್ತದೆ. ಆ ನಿಧಿ ಇಂದಿಗೂ ಬತ್ತದೆ ನಡೆಯುತ್ತಿದೆ.

ಈಗ ಎರಡನೆಯ ಪ್ರಶ್ನೆಗೆ ಬರುತ್ತೇನೆ: ಊಟವೆಲ್ಲಿ? ಕಾಲೇಜಿನ ಶುಲ್ಕವನ್ನು ಕಟ್ಟಲಾಗದೆ ಓದು ಬಿಟ್ಟವರಿಗಿಂತ, ಪರವೂರಿನಲ್ಲಿ ಎರಡು ಹೊತ್ತಿನ ಅನ್ನ ಹುಟ್ಟದೆ ಓದು ಬಿಟ್ಟವರೇ ನಮ್ಮಲ್ಲಿ ಹೆಚ್ಚೆಂದು ನನಗೆ ತೋರುತ್ತದೆ. ಇದನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲರು. ವಾರಾನ್ನವೆಂಬ ಪದ್ಧತಿಯನ್ನು ಸ್ಮರಿಸಿಕೊಳ್ಳಿ: ವಾರದ ಏಳು ದಿನಕ್ಕೆ ಏಳು ಮನೆ, ಒಂದು ಮನೆ ತಪ್ಪಿದರೆ ಆ ದಿನ ಉಪವಾಸ. ಆ ಏರ್ಪಾಟಿನಲ್ಲಿ ಕರುಣೆಯಿತ್ತು; ಜಾತಿಯ ಎಲ್ಲೆಯೂ ಇತ್ತು, ಹುಡುಗನ ಮನಸ್ಸಿಗೆ ಸಂಕೋಚವೂ ಇತ್ತು. ಮಠಗಳ ಪ್ರಸಾದ ನಿಲಯಗಳು ಅದಕ್ಕಿಂತ ಮುಂದಿನ ಹೆಜ್ಜೆ. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯಪ್ಪಗಳು, ತುಮಕೂರಿನ ಬಳಿಯ ಸಿದ್ಧಗಂಗೆಯಲ್ಲಿ ಅಲ್ಲಿಯ ಸ್ವಾಮಿಗಳು ವಿದ್ಯಾರ್ಥಿಗಳಿಗೆ ಅನ್ನವಿಕ್ಕಿದರು. ಬಳ್ಳಾರಿಯಲ್ಲಿ 1916ರಲ್ಲಿ ವೀರಶೈವ ವಿದ್ಯಾವರ್ಧಕ ಸಂಘ ಹುಟ್ಟಿತು. ಅದರ ಕಾಲೇಜು 1945ರಲ್ಲಿ ತೆರೆಯಿತು. ಸಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನೇ ವಿದ್ಯೆಗೆ ಬರೆದಿಟ್ಟು 1906ರಲ್ಲಿ ತೀರಿಕೊಂಡರು. ಇವರಾರೂ ಪದವಿಯನ್ನು ಕೊಡಲಿಲ್ಲ. ಪದವಿಯವರೆಗೆ ಬದುಕಿರಲು ಬೇಕಾದುದನ್ನು ಕೊಟ್ಟರು.

ಸ್ವಾತಂತ್ರ್ಯ ಬಂದಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಸೇರಿದವು. 1956ರಲ್ಲಿ ನಾಡು ಒಂದಾಯಿತು. ಅದೇ ಕಾಲದಲ್ಲಿ ಕಡಲಾಚೆಗೂ ಹೊಸ ಬಾಗಿಲುಗಳು ತೆರೆದವು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ಗಿರೀಶ ಕಾರ್ನಾಡರು ರೋಡ್ಸ್ ವೇತನದಿಂದ 1960ರಲ್ಲಿ ಆಕ್ಸ್‌ಫರ್ಡಿಗೆ ಹೋದರು. ಎ. ಕೆ. ರಾಮಾನುಜನ್ನರು 1959ರಲ್ಲಿ ಫುಲ್‌ಬ್ರೈಟ್ ವೇತನದಿಂದ ಅಮೆರಿಕದ ಇಂಡಿಯಾನ ವಿಶ್ವವಿದ್ಯಾನಿಲಯವನ್ನು ಸೇರಿದರು. ತೀರ್ಥಹಳ್ಳಿ ಸೀಮೆಯ ಅನಂತಮೂರ್ತಿಯವರು ಕಾಮನ್‌ವೆಲ್ತ್ ವೇತನದಿಂದ ಬರ್ಮಿಂಗ್‌ಹ್ಯಾಮಿಗೆ ಹೋಗಿ 1966ರಲ್ಲಿ ಡಾಕ್ಟರೇಟ್ ಪಡೆದರು. ಮೂವರು, ಮೂರು ಬಾಗಿಲು. ಒಂದು ವಿಶೇಷವನ್ನು ಗಮನಿಸಿ: ಕಾರ್ನಾಡರು ಎಳೆಯ ಪದವೀಧರರಾಗಿ ಹೋದರು, ಉಳಿದಿಬ್ಬರೂ ಅಧ್ಯಾಪಕರಾಗಿ ಕೆಲಸ ಮಾಡಿದ ಮೇಲೆ ಹೋದರು. ಒಂದು ಬಾಗಿಲು ವಯಸ್ಸು ಮೀರಿದವನಿಗೆ ಮುಚ್ಚಿದ್ದರೆ ಇನ್ನೊಂದು ಅನುಭವವುಳ್ಳವನಿಗೆ ತೆರೆದಿರುತ್ತದೆ. ಇಪ್ಪತ್ತೆರಡರಲ್ಲಿ ದೊರೆಯದುದು ಮೂವತ್ತರಲ್ಲಿ ದೊರೆಯಬಹುದು.

ನಾಡು ಒಂದಾದ ಮೇಲೆ ಗಡಿಯ ತೊಡಕು ಅಳಿಯಿತೆಂದು ನೀವು ಭಾವಿಸಬಹುದು. ಅಳಿಯಲಿಲ್ಲ. 1997ರಲ್ಲಿ ಹರಪನಹಳ್ಳಿ ತಾಲ್ಲೂಕನ್ನು ಹೊಸ ದಾವಣಗೆರೆ ಜಿಲ್ಲೆಗೆ ಸೇರಿಸಿದರು. ದೂರದ ದೃಷ್ಟಿಯಿಂದ ಅದು ನ್ಯಾಯವೇ. ಆದರೆ ಸಂವಿಧಾನದ 98ನೆಯ ತಿದ್ದುಪಡಿಯಿಂದ 371ಜೆ ವಿಧಿ ಬಂದಾಗ, ಬಳ್ಳಾರಿ ಜಿಲ್ಲೆಯೂ ಸೇರಿದಂತೆ ಹಿಂದುಳಿದ ಆ ಪ್ರದೇಶದ ವಿದ್ಯಾರ್ಥಿಗಳಿಗೆ ಕಾಲೇಜುಗಳಲ್ಲಿ ಸ್ಥಾನಗಳು ಮೀಸಲಾದವು, ಹರಪನಹಳ್ಳಿ ಹೊರಗುಳಿಯಿತು. ಹಡಗಲಿಯ ಹುಡುಗನಿಗೆ ದೊರೆತುದು ನೆರೆಯ ಹರಪನಹಳ್ಳಿಯ ಹುಡುಗನಿಗೆ ದೊರೆಯಲಿಲ್ಲ. ಇಬ್ಬರ ಹೊಲಕ್ಕೂ ಬಿದ್ದ ಮಳೆ ಒಂದೇ, ಇಬ್ಬರ ಮನೆಯ ಸಾಲವೂ ಒಂದೇ ಬಗೆಯದು. ಜನರು ಹೋರಾಡಿದ ಮೇಲೆ 2018ರಲ್ಲಿ ತಾಲ್ಲೂಕು ಮರಳಿ ಬಳ್ಳಾರಿಗೆ ಬಂತು. ಇಂದು ಈ ಐದೂ ಊರುಗಳು 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಯಲ್ಲಿವೆ.

ಈ ವಿಷಯವನ್ನು ನಾನು ಆರಿಸಿಕೊಂಡುದಕ್ಕೆ ಸ್ವಂತದ ಕಾರಣವೊಂದುಂಟು. ಕೆಲವು ವರ್ಷಗಳ ಹಿಂದೆ ಕೊಟ್ಟೂರಿನ ಕಡೆಯ ಶಿಷ್ಯನೊಬ್ಬನು ಜರ್ಮನಿಯ ವಿಶ್ವವಿದ್ಯಾನಿಲಯವೊಂದರ ಪ್ರವೇಶಪತ್ರವನ್ನು ಹಿಡಿದು ನನ್ನ ಮನೆಗೆ ಬಂದನು. “ಶುಲ್ಕವೇ ಇಲ್ಲ, ಮೇಷ್ಟ್ರೆ!” ಎಂದನು. ನಿಜ, ಅಲ್ಲಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬೋಧನಾಶುಲ್ಕವಿಲ್ಲ. ಆದರೆ ಒಂದು ವರ್ಷದ ಜೀವನವೆಚ್ಚವನ್ನು ಮುಂಗಡವಾಗಿ ಬ್ಯಾಂಕಿನಲ್ಲಿಟ್ಟು ತೋರಿಸಬೇಕು. 2024ರಲ್ಲಿ ಆ ಮೊತ್ತ 11,904 ಯೂರೋ, ನಮ್ಮ ಲೆಕ್ಕದಲ್ಲಿ ಹತ್ತು ಲಕ್ಷ ರೂಪಾಯಿಗೂ ಮಿಗಿಲು. ಅವನ ಕಾಲಕ್ಕೆ ಮೊತ್ತ ಇದಕ್ಕಿಂತ ಕಡಿಮೆಯಿದ್ದರೂ ಅವನ ತಂದೆಗಿದ್ದುದು ಮೂರೆಕರೆ ಬೆದ್ದಲು. ಹಳೆಯ ಪ್ರಶ್ನೆಯೇ ಹೊಸ ವೇಷದಲ್ಲಿ ಎದುರು ನಿಂತಿತ್ತು: ಊಟವೆಲ್ಲಿ? ನೆರವಿನ ಅರ್ಜಿಗಳ ಕೊನೆಯ ದಿನಗಳು ಅದಾಗಲೇ ಕಳೆದಿದ್ದವು. ಆ ವರ್ಷ ಅವನು ಹೋಗಲಿಲ್ಲ. ಪ್ರವೇಶವನ್ನು ಹುಡುಕಿದ ಶ್ರದ್ಧೆಯಲ್ಲಿ ಅರ್ಧದಷ್ಟನ್ನು ಅನ್ನದ ದಾರಿಗೆ ಕೊಡೆಂದು ಮೂರು ವರ್ಷ ಪಾಠ ಹೇಳಿದ ನಾನು ಅವನಿಗೆ ಒಮ್ಮೆಯೂ ಹೇಳಿರಲಿಲ್ಲ. ತಪ್ಪಿನಲ್ಲಿ ನನ್ನ ಪಾಲೂ ಇತ್ತು.

ಆದುದರಿಂದ ಇಂಥ ತರುಣರಿಗೆ ಚರಿತ್ರೆ ಹೇಳುವ ಬುದ್ಧಿವಾದವನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಹೊರಡುವುದಕ್ಕೆ ಒಂದೂವರೆ ವರ್ಷ ಮುಂಚೆಯೇ ಹುಡುಕಲು ತೊಡಗಬೇಕು. ಶುಲ್ಕದ ಲೆಕ್ಕವನ್ನೂ ಊಟ ವಸತಿಗಳ ಲೆಕ್ಕವನ್ನೂ ಬೇರೆ ಬೇರೆಯಾಗಿ ಬರೆದುಕೊಳ್ಳಬೇಕು. ಒಂದು ವೇತನ ಎರಡನ್ನೂ ತುಂಬುವುದು ವಿರಳ. ‘ನೀನು ಯಾವ ಸೀಮೆಯವನು?’ ಎಂಬ ಪ್ರಶ್ನೆಗೆ ಹೆದರದೆ ಅದನ್ನೇ ತನ್ನ ಸಾಧನವಾಗಿ ಮಾಡಿಕೊಳ್ಳಬೇಕು. ಕೇಂದ್ರ ಸರ್ಕಾರದ ಸಾಗರೋತ್ತರ ವೇತನ ಪರಿಶಿಷ್ಟ ಜಾತಿಯವರಿಗೆ ಮಾತ್ರವಲ್ಲದೆ ಅಲೆಮಾರಿ ಸಮುದಾಯಗಳಿಗೂ, ಭೂಮಿಯಿಲ್ಲದ ಕೃಷಿಕೂಲಿಗಳ ಮಕ್ಕಳಿಗೂ, ಪರಂಪರೆಯ ಕುಶಲಕರ್ಮಿಗಳ ಮಕ್ಕಳಿಗೂ ಉಂಟೆಂಬುದನ್ನು ಹಳ್ಳಿಗಳಲ್ಲಿ ಬಲ್ಲವರು ಕಡಿಮೆ. ಸಾಲವನ್ನು ಪಡೆಯುವುದಾದರೆ ಕರಾರನ್ನು ಕೊನೆಯ ಸಾಲಿನವರೆಗೆ ಓದಬೇಕು. ಜಾಮೀನು ಯಾರು, ಅವಧಿ ಎಷ್ಟು, ಅವಧಿ ತೀರಿದ ಮೇಲೆ ಗತಿ ಏನು ಎಂಬುದನ್ನು ಮೊದಲೇ ತಿಳಿಯಬೇಕು. ಒಂದು ಬಾಗಿಲು ಮುಚ್ಚಿದರೆ ಓದೇ ಮುಗಿಯಿತೆಂದು ತಿಳಿಯಬಾರದು.

ಪಟ್ಟಣವಾಸಿಗಳಾದ ನಮಗೂ ಒಂದು ಮಾತುಂಟು. ನಮ್ಮಲ್ಲಿ ಅನೇಕರ ತಂದೆಯೋ ತಾತನೋ ಯಾರದೋ ಮನೆಯ ವಾರದೂಟದಿಂದ, ಯಾವುದೋ ಮಠದ ಪಂಕ್ತಿಯಿಂದ ಮೇಲೆದ್ದವರು. ಆ ಋಣ ಕಾಗದದ ಮೇಲಿಲ್ಲ; ಅದಕ್ಕೆ ಜಾಮೀನಿಲ್ಲ, ವಾಯಿದೆಯಿಲ್ಲ. ಅರ್ಜಿಯೊಂದನ್ನು ತಿದ್ದಿಕೊಡುವುದರಿಂದಲೋ, ಸಾಲಪತ್ರಕ್ಕೆ ಜಾಮೀನು ನಿಲ್ಲುವುದರಿಂದಲೋ ಅದರಲ್ಲಿ ಒಂದಂಶವನ್ನಾದರೂ ತೀರಿಸಬಹುದು. ಕೊಟ್ಟೂರಿನ ಆ ಹುಡುಗನು ಎರಡು ವರ್ಷ ಕೆಲಸ ಮಾಡಿ, ಉಳಿಸಿದ ಹಣಕ್ಕೆ ಸಾಲವನ್ನು ಕೂಡಿಸಿ, ಕೊನೆಗೂ ಹೋದನು. ಅವನ ಸಾಲಪತ್ರಕ್ಕೆ ಜಾಮೀನು ನಿಂತವರು ಬಂಧುಗಳಲ್ಲ. ಅವನ ಊರಿನ ಶಾಲೆಯ ನಿವೃತ್ತ ಉಪಾಧ್ಯಾಯರು.