ಗ್ರಾಹಕ ವ್ಯಾಜ್ಯಕ್ಕೆ ಮೂರನೆಯವರ ಹಣ: ಅನುಮತಿ ಉಂಟು, ನಿಯಮವಿಲ್ಲ

ಹುಬ್ಬಳ್ಳಿ: ಅವಳಿ ನಗರದ ನಡುವಿನ ಬೈರಿದೇವರಕೊಪ್ಪ, ನವನಗರ, ಅಮರಗೋಳ ಭಾಗದಲ್ಲಿ ಹೊಲಗಳು ಬಡಾವಣೆಗಳಾಗಿ ಬದಲಾಗಿವೆ. ಕಂತು ಕಟ್ಟಿದರೂ ನಿವೇಶನ ಕೈಗೆ ಬಾರದಿದ್ದರೆ ಖರೀದಿದಾರನು ಧಾರವಾಡದ ಜಿಲ್ಲಾ ಗ್ರಾಹಕ ಆಯೋಗದ ಮೊರೆ ಹೋಗಬಹುದು. ಅಲ್ಲಿ ದೂರು ಸಲ್ಲಿಸುವ ಖರ್ಚು ಅತ್ಯಲ್ಪ. ಆದರೆ ಅದೇ ದೂರನ್ನು ಮೇಲ್ಮನವಿಯ ಹಂತದವರೆಗೆ ನಡೆಸುವುದು ಎಲ್ಲರ ಶಕ್ತಿಗೆ ನಿಲುಕುವ ಮಾತಲ್ಲ. ಈ ಅಂತರವನ್ನು ತುಂಬಲು ಹೊರಗಿನವರೊಬ್ಬರು ಹಣ ಹೂಡಿ, ಗೆದ್ದರೆ ಪಾಲು ಪಡೆಯುವ ವ್ಯವಸ್ಥೆಗೆ ‘ಮೂರನೆಯವರ ವ್ಯಾಜ್ಯ ಹೂಡಿಕೆ’ ಎನ್ನಲಾಗುತ್ತದೆ. ಭಾರತದಲ್ಲಿ ಇದು ನಿಷಿದ್ಧವಲ್ಲ. ಆದರೆ ಇದನ್ನು ನಿಯಂತ್ರಿಸುವ ಪ್ರತ್ಯೇಕ ಕೇಂದ್ರ ಕಾನೂನೂ ಇಲ್ಲ.

ಸಾಲವಲ್ಲ, ಹೂಡಿಕೆ

ಸಾಲವನ್ನು ಮೊಕದ್ದಮೆ ಸೋತರೂ ತೀರಿಸಬೇಕು. ವ್ಯಾಜ್ಯ ಹೂಡಿಕೆಯಲ್ಲಿ ಸಾಮಾನ್ಯವಾಗಿ ಹಾಗಿಲ್ಲ. ಸೋತರೆ ಹಣ ಹಾಕಿದವನಿಗೇ ನಷ್ಟ, ಗೆದ್ದರೆ ಬಂದ ಹಣದಲ್ಲಿ ಪಾಲು. ಕರ್ನಾಟಕದಲ್ಲಿ 1961ರ ಲೇವಾದೇವಿದಾರರ ಕಾಯ್ದೆ ಹಾಗೂ 2004ರ ಮಿತಿಮೀರಿದ ಬಡ್ಡಿ ವಸೂಲಿ ನಿಷೇಧ ಕಾಯ್ದೆಗಳಿವೆ. ಇವೆರಡೂ ಸಾಲ ಮತ್ತು ಬಡ್ಡಿಯನ್ನು ಕುರಿತು ರೂಪುಗೊಂಡವು. ಫಲಿತಾಂಶದಲ್ಲಿ ಪಾಲು ಕೇಳುವ ಕರಾರು ಇವುಗಳ ಚೌಕಟ್ಟಿಗೆ ಸುಲಭವಾಗಿ ಒಗ್ಗುವುದಿಲ್ಲ.

ಹೂಡಿಕೆಗೂ ವ್ಯಾಜ್ಯವನ್ನೇ ಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಕೇವಲ ದಾವೆ ಹೂಡುವ ಹಕ್ಕನ್ನು ವರ್ಗಾಯಿಸಲಾಗದು ಎಂದು ಸ್ವತ್ತು ವರ್ಗಾವಣೆ ಕಾಯ್ದೆಯ 6(ಇ) ವಿಧಿ ಹೇಳುತ್ತದೆ. ಆದ್ದರಿಂದ ಹಣ ಯಾರದೇ ಇರಲಿ, ದೂರುದಾರನು ಗ್ರಾಹಕನಾಗಿಯೇ ಉಳಿಯುತ್ತಾನೆ.

1876ರ ತೀರ್ಪು

ಅನ್ಯರ ವ್ಯಾಜ್ಯಕ್ಕೆ ಹಣ ಕೊಟ್ಟು ಲಾಭ ಪಡೆಯುವುದು ಹಳೆಯ ಇಂಗ್ಲಿಷ್ ಕಾನೂನಿನಲ್ಲಿ ಅಪರಾಧವಾಗಿತ್ತು. ಭಾರತಕ್ಕೆ ಆ ಕಾನೂನು ಅನ್ವಯಿಸದು ಎಂದು ರಾಮ್ ಕೂಮರ್ ಕೂಂಡೂ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ 1876ರಲ್ಲಿ ತೀರ್ಮಾನಿಸಿತು. ನ್ಯಾಯಯುತವಾದ ಕರಾರು ಸಿಂಧು. ಸುಲಿಗೆಯ ಸ್ವರೂಪದ, ಅಂತಃಸಾಕ್ಷಿಗೆ ಒಪ್ಪದ ಅಥವಾ ದುರುದ್ದೇಶದ ಕರಾರನ್ನು ನ್ಯಾಯಾಲಯ ಜಾರಿಗೊಳಿಸಬಾರದು ಎಂಬುದು ಅದರ ಸಾರ. ಇಂದಿಗೂ ಇದೇ ತಳಹದಿ. ಆದರೆ ಎಷ್ಟು ಪಾಲು ನ್ಯಾಯ, ಎಷ್ಟು ಸುಲಿಗೆ ಎಂಬುದನ್ನು ಆಯಾ ಪ್ರಕರಣದಲ್ಲಿ, ಅದೂ ಸಹಿ ಬಿದ್ದ ಮೇಲೆ, ನ್ಯಾಯಾಲಯವೇ ನೋಡಬೇಕು.

ವಕೀಲರ ವಿಷಯದಲ್ಲಿ ಮಾತ್ರ ಗೊಂದಲವಿಲ್ಲ. ವಸೂಲಾದ ಹಣದಲ್ಲಿ ಪಾಲು ಪಡೆಯುವ ಕರಾರು ವೃತ್ತಿ ದುರ್ನಡತೆ ಎಂದು ಸುಪ್ರೀಂ ಕೋರ್ಟ್ 1954ರಲ್ಲಿ ಹಿರಿಯ ವಕೀಲ ‘ಜಿ’ ಪ್ರಕರಣದಲ್ಲಿ ತಿಳಿಸಿತು. ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮಗಳೂ ಗೆಲುವನ್ನು ಅವಲಂಬಿಸಿದ ಶುಲ್ಕವನ್ನು ನಿಷೇಧಿಸಿವೆ. 2018ರ ಎ.ಕೆ. ಬಾಲಾಜಿ ಪ್ರಕರಣದಲ್ಲಿ ಇದೇ ನಿಲುವನ್ನು ಸ್ಮರಿಸಿದ ಸುಪ್ರೀಂ ಕೋರ್ಟ್, ವಕೀಲರಲ್ಲದವರು ವ್ಯಾಜ್ಯಕ್ಕೆ ಹಣ ಹೂಡಿ ಫಲಿತಾಂಶದ ನಂತರ ಮರಳಿ ಪಡೆಯಲು ನಿರ್ಬಂಧ ಇದ್ದಂತೆ ಕಾಣದು ಎಂದು ಹೇಳಿತು.

ಸೋತರೆ ಎದುರಾಳಿಯ ಖರ್ಚಿಗೆ ಹೂಡಿಕೆದಾರ ಹೊಣೆಯೇ ಎಂಬ ಪ್ರಶ್ನೆ ದೆಹಲಿ ಹೈಕೋರ್ಟಿನ ಮುಂದೆ 2023ರಲ್ಲಿ ‘ಟುಮಾರೋ ಸೇಲ್ಸ್ ಏಜೆನ್ಸಿ’ ಪ್ರಕರಣದಲ್ಲಿ ಬಂದಿತು. ಪಂಚಾಯ್ತಿ ವ್ಯವಹರಣೆಯಲ್ಲಿ ಕಕ್ಷಿಯಾಗಿರದ ಹೂಡಿಕೆದಾರನಿಂದ ಆ ಮೊತ್ತವನ್ನು ವಸೂಲು ಮಾಡಲಾಗದು ಎಂದು ವಿಭಾಗೀಯ ಪೀಠ ತೀರ್ಪಿತ್ತಿತು. 1876ರ ಪ್ರಕರಣದ ಪ್ರಶ್ನೆಯೂ ಇದೇ ಬಗೆಯದಾಗಿತ್ತು. ಅಲ್ಲಿಯೂ ಹಣ ಕೊಟ್ಟವನು ಹೊಣೆಯಿಂದ ಪಾರಾಗಿದ್ದ.

ಗ್ರಾಹಕ ಕಾಯ್ದೆಯ ಮೌನ

2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೂಡಿಕೆದಾರನ ಬಗ್ಗೆ ಏನನ್ನೂ ಹೇಳುವುದಿಲ್ಲ. ಮಹಾರಾಷ್ಟ್ರದಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಗೆ ಮಾಡಿದ ತಿದ್ದುಪಡಿಯಂತೆ, ದಾವೆಗೆ ಹಣ ಒದಗಿಸಿದವನನ್ನು ಕಕ್ಷಿಯಾಗಿಸಿ ಖರ್ಚಿಗೆ ಭದ್ರತೆ ಕೇಳಬಹುದು. ಗ್ರಾಹಕ ಆಯೋಗಗಳಿಗಾದರೋ ಸಂಹಿತೆಯ ಕೆಲವು ಅಧಿಕಾರಗಳು ಮಾತ್ರ ಲಭ್ಯ: ಸಾಕ್ಷಿಗಳನ್ನು ಕರೆಸುವುದು, ದಾಖಲೆ ತರಿಸುವುದು ಮುಂತಾದವು.

ಅನೇಕ ಗ್ರಾಹಕರು ಒಂದಾದಾಗ ಹೂಡಿಕೆದಾರರ ಆಸಕ್ತಿ ಹೆಚ್ಚುವುದು ಸಹಜ. ಈ ದೃಷ್ಟಿಯಿಂದ ಬೆಂಗಳೂರಿನ ಬ್ರಿಗೇಡ್ ಎಂಟರ್‌ಪ್ರೈಸಸ್ ಪ್ರಕರಣ ಮಹತ್ವದ್ದು. 1,134 ಫ್ಲ್ಯಾಟ್‌ಗಳ ಸಮುಚ್ಚಯದಲ್ಲಿ 51 ಫ್ಲ್ಯಾಟ್‌ಗಳನ್ನು ಖರೀದಿಸಿದ್ದ 91 ಮಂದಿ ವಿಳಂಬದ ವಿರುದ್ಧ ದೂರಿದ್ದರು. ಇದನ್ನು ಎಲ್ಲ ಖರೀದಿದಾರರ ಪರವಾದ ಪ್ರಾತಿನಿಧಿಕ ದೂರೆಂದು ಪರಿಗಣಿಸಲಾಗದು, ಆ ದೂರುದಾರರಿಗೆ ಸೀಮಿತವಾದ ಜಂಟಿ ದೂರಾಗಿ ನಡೆಸಬಹುದು ಎಂದು ಸುಪ್ರೀಂ ಕೋರ್ಟ್ 2021ರ ಡಿಸೆಂಬರ್‌ನಲ್ಲಿ ಆದೇಶಿಸಿತು. ಹೀಗಾಗಿ ಒಂದೇ ಬಡಾವಣೆಯ ಹತ್ತಾರು ಖರೀದಿದಾರರು ಒಂದೇ ದೂರು ನೀಡುವ ದಾರಿ ತೆರೆದಿದೆ. ಅವರೆಲ್ಲರ ಖರ್ಚನ್ನು ಒಬ್ಬನೇ ಭರಿಸಿದರೆ ರಾಜಿಯ ಮಾತು ಯಾರದು ಎಂಬುದಕ್ಕೆ ಕಾಯ್ದೆಯಲ್ಲಿ ಉತ್ತರವಿಲ್ಲ.

ಲೆಕ್ಕ ಹೀಗಿದೆ

ಒಬ್ಬ ಖರೀದಿದಾರ ನಿವೇಶನಕ್ಕೆ 8 ಲಕ್ಷ ರೂ. ಕಟ್ಟಿದ್ದಾನೆ ಎಂದುಕೊಳ್ಳೋಣ. ಆಯೋಗವು ಬಡ್ಡಿ ಸಹಿತ 10 ಲಕ್ಷ ರೂ. ಮರಳಿಸಲು ಆದೇಶಿಸುತ್ತದೆ. ಒಟ್ಟು ಮೊತ್ತದಲ್ಲಿ ಶೇ 30 ಎಂದು ಕರಾರಿದ್ದರೆ ಹೂಡಿಕೆದಾರನಿಗೆ 3 ಲಕ್ಷ. ಖರೀದಿದಾರನಿಗೆ ಉಳಿಯುವುದು 7 ಲಕ್ಷ, ಅಂದರೆ ಕಟ್ಟಿದ್ದಕ್ಕಿಂತಲೂ ಕಡಿಮೆ. ಅಸಲು ಬಿಟ್ಟು ಉಳಿದ 2 ಲಕ್ಷದ ಮೇಲಷ್ಟೇ ಶೇ 30 ಎಂದಿದ್ದರೆ ಹೂಡಿಕೆದಾರನಿಗೆ 60 ಸಾವಿರ, ಖರೀದಿದಾರನಿಗೆ 9.40 ಲಕ್ಷ. ಶೇಕಡಾವಾರು ಒಂದೇ, ವ್ಯತ್ಯಾಸ 2.40 ಲಕ್ಷ ರೂಪಾಯಿ.

ಇನ್ನೊಂದು ತೊಡಕು ಇದಕ್ಕಿಂತ ಆಳದ್ದು. ಖರೀದಿದಾರನಿಗೆ ಬೇಕಾದದ್ದು ನಿವೇಶನ, ಹೂಡಿಕೆದಾರನಿಗೆ ಬೇಕಾದದ್ದು ನಗದು. ನಿವೇಶನವನ್ನು ನೋಂದಾಯಿಸಿಕೊಡಿ ಎಂದು ಆದೇಶವಾದರೆ ಪಾಲು ಕೊಡಲು ಹಣವೆಲ್ಲಿಂದ? ಆ ನಿವೇಶನವನ್ನೇ ಮಾರಬೇಕಾದರೆ ಗೆಲುವಿಗೆ ಅರ್ಥವಿಲ್ಲ.

ಹೊರದೇಶಗಳ ಅನುಭವ

ಬ್ರಿಟನ್ನಿನಲ್ಲಿ ಮಾಸ್ಟರ್‌ಕಾರ್ಡ್ ವಿರುದ್ಧ ಕೋಟ್ಯಂತರ ಗ್ರಾಹಕರ ಪರವಾಗಿ 2016ರಲ್ಲಿ ಹೂಡಿದ ದಾವೆಯ ಮೊತ್ತ 1,400 ಕೋಟಿ ಪೌಂಡ್. ಅದು ಕೊನೆಗೆ 20 ಕೋಟಿ ಪೌಂಡ್‌ಗೆ ರಾಜಿಯಾಯಿತು. ಹಣ ಹೂಡಿದ್ದ ಸಂಸ್ಥೆ ರಾಜಿಯನ್ನು ವಿರೋಧಿಸಿದರೂ ನ್ಯಾಯಮಂಡಳಿ 2025ರಲ್ಲಿ ಸಮ್ಮತಿಸಿತು. ಗ್ರಾಹಕರ ಪ್ರತಿನಿಧಿ ಮತ್ತು ಹೂಡಿಕೆದಾರರ ನಡುವೆ ಭಿನ್ನಮತ ಬಂದಾಗ ತೀರ್ಮಾನಿಸಲು ಅಲ್ಲಿ ಒಂದು ವೇದಿಕೆಯಾದರೂ ಇತ್ತು. ಐರೋಪ್ಯ ಒಕ್ಕೂಟದ 2020ರ ನಿರ್ದೇಶನವು ಗ್ರಾಹಕರ ಸಾಮೂಹಿಕ ದಾವೆಗಳಲ್ಲಿ ಹೂಡಿಕೆದಾರರು ರಾಜಿ ಸೇರಿದಂತೆ ತೀರ್ಮಾನಗಳ ಮೇಲೆ ಅನುಚಿತ ಪ್ರಭಾವ ಬೀರದಂತೆಯೂ, ತಮ್ಮ ಪ್ರತಿಸ್ಪರ್ಧಿಯ ವಿರುದ್ಧದ ದಾವೆಗೆ ಹಣ ಕೊಡದಂತೆಯೂ ತಡೆಯುತ್ತದೆ.

ಬೇಕಾದ ನಿಯಮಗಳು

ಇಲ್ಲಿ ಪೂರ್ಣ ನಿಷೇಧದಿಂದ ನಷ್ಟವಾಗುವುದು ಹಣವಿಲ್ಲದ ಗ್ರಾಹಕನಿಗೇ. ಆದರೆ ನಾಲ್ಕು ನಿಯಮಗಳು ಅತ್ಯಗತ್ಯ. ಹೂಡಿಕೆಯ ವಿಷಯವನ್ನು ಆಯೋಗಕ್ಕೆ ತಿಳಿಸಬೇಕು. ಗ್ರಾಹಕ ಕಟ್ಟಿದ ಅಸಲಿಗೆ ಪಾಲು ತಾಗಕೂಡದು. ರಾಜಿಯ ತೀರ್ಮಾನ ಗ್ರಾಹಕನ ಕೈಯಲ್ಲಿರಬೇಕು. ಕರಾರು ಗ್ರಾಹಕ ಓದಬಲ್ಲ ಭಾಷೆಯಲ್ಲಿರಬೇಕು. ಇವು ಬರುವವರೆಗೆ ಸಹಿ ಹಾಕುವ ಮುನ್ನ ಇದೇ ನಾಲ್ಕು ಅಂಶಗಳನ್ನು ಪರಿಶೀಲಿಸುವುದು ಕ್ಷೇಮ.

ಮೊದಲು ನೋಡಬೇಕಾದ ದಾರಿಗಳು

ಸರಕು ಅಥವಾ ಸೇವೆಗೆ ಕೊಟ್ಟ ಹಣ 5 ಲಕ್ಷ ರೂ. ಮೀರದಿದ್ದರೆ ಗ್ರಾಹಕ ಆಯೋಗದಲ್ಲಿ ಶುಲ್ಕವೇ ಇಲ್ಲ. 5ರಿಂದ 10 ಲಕ್ಷದವರೆಗೆ 200 ರೂ. ಮಾತ್ರ. 50 ಲಕ್ಷದವರೆಗಿನ ದೂರು ಜಿಲ್ಲಾ ಆಯೋಗದ ವ್ಯಾಪ್ತಿಯಲ್ಲಿದೆ. ದೂರುದಾರನು ವಕೀಲರಿಲ್ಲದೆ ತಾನೇ ವಾದಿಸಬಹುದು. ಎದುರು ಪಕ್ಷವು ರಾಜ್ಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬೇಕಾದರೆ ಆದೇಶಿತ ಮೊತ್ತದ ಅರ್ಧವನ್ನು ಠೇವಣಿ ಇಡಬೇಕು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಹಾಗೂ ಕಡಿಮೆ ಆದಾಯದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಉಚಿತ ನೆರವು ಉಂಟು. ಅಂತಿಮ ತೀರ್ಪಿನ ನಂತರ ವ್ಯಾಜ್ಯದ ಖರ್ಚನ್ನು ಆಯ್ದ ಪ್ರಕರಣಗಳಲ್ಲಿ ಮರಳಿಸಲು ಕೇಂದ್ರದ ಗ್ರಾಹಕ ಕಲ್ಯಾಣ ನಿಧಿಯ ನಿಯಮಗಳಲ್ಲೂ ಅವಕಾಶವಿದೆ. ಇವುಗಳಿಗಾಗಿ ಗ್ರಾಹಕನು ತನ್ನ ಪರಿಹಾರದಲ್ಲಿ ಯಾರಿಗೂ ಪಾಲು ಕೊಡಬೇಕಾಗಿಲ್ಲ.